ಮಿಕೊಲಾಯ್ ಹಬ್ಬದ ಗಂಟು

ಖೋರೊಲ್
12 ಅಕ್ಟೋಬರ್ 2023

ಓರಿಸ್ಯಾ,

ಪೆನ್ನು ಹಿಡಿದು ಎಷ್ಟು ವರ್ಷವಾಯಿತೋ. ಅಕ್ಷರ ಕೋಳಿ ಕೆದರಿದ ಹಾಗೆ ಕಂಡರೆ ನಗಬೇಡ. ಹತ್ತೊಂಬತ್ತು ದಿನದಿಂದ ನಿನ್ನ ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲ. ಹಾಗೆಂದು ಹೇಳುವ ಹೆಂಗಸಿನ ದನಿ ನನಗೆ ಪಕ್ಕದ ಮನೆಯವಳ ದನಿಗಿಂತ ಚೆನ್ನಾಗಿ ಗೊತ್ತಾಗಿದೆ. ಅವಳಿಗೆ ಸ್ವಲ್ಪ ಮೂಗು ಕಟ್ಟಿತ್ತು, ಪಾಪ, ಮುದ್ರಿಸಿಕೊಂಡ ದಿನ.

ನಿನ್ನೆ ದೆಮ್ಯಾನ್ ಬಂದಿದ್ದ. ಅದೇ, ವ್ಯಾನಿನಲ್ಲಿ ಯುದ್ಧ ನಡೆಯುವ ನಿಮ್ಮ ಕಡೆಗೆ ಔಷಧಿ, ಒಲೆ, ಬಟ್ಟೆ ಸಾಗಿಸುವವನು. ನೀನು ಚೆನ್ನಾಗಿದ್ದೀಯ, ಫೋನು ಮಾತ್ರ ಕೊಡುವುದಿಲ್ಲ, ಕಾಗದ ಬರೆದರೆ ತಲುಪಿಸುತ್ತೇನೆ ಎಂದ. ಬಜಾರಿನಲ್ಲಿ ಊರಿನವರ ಫೋನೆಲ್ಲ ರಿಪೇರಿ ಮಾಡಿ ಕೊಟ್ಟವಳಿಗೆ ಒಂದು ಫೋನಿಲ್ಲವಂತೆ. ಇದೆಂಥ ಸೈನ್ಯ ಎಂದು ಅವನನ್ನೇ ಬೈದು ಕಳಿಸಿದೆ.

ನಾನು ಇಪ್ಪತ್ತೊಂಬತ್ತು ವರ್ಷ ಈ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು. ನೀನು "ಹಲೋ" ಎಂದರೆ ಸಾಕು, ಉಂಡಿದ್ದೀಯೋ ಇಲ್ಲವೋ, ಜ್ವರವಿದೆಯೋ, ಸುಳ್ಳು ಹೇಳುತ್ತಿದ್ದೀಯೋ ತಿಳಿಯುತ್ತದೆ. ಕಾಗದದಲ್ಲಿ ನನಗೆ ಏನೂ ತಿಳಿಯುವುದಿಲ್ಲ. ಕಾಗದದಲ್ಲಿ ಯಾರು ಬೇಕಾದರೂ ಚೆನ್ನಾಗಿದ್ದೇನೆ ಎಂದು ಬರೆಯಬಹುದು.

ನಿನ್ನ ದನಿ ಕೇಳಬೇಕು. ಬೇರೇನೂ ಬೇಡ.

ನಿನ್ನ ಅಮ್ಮ ರಯೀಸಾ


ಪೂರ್ವದ ಕಡೆ, ಊರಿನ ಹೆಸರು ಬರೆಯುವಂತಿಲ್ಲ
29 ಅಕ್ಟೋಬರ್

ಅಮ್ಮ,

ಚೆನ್ನಾಗಿದ್ದೇನೆ. ನಂಬಿದರೆ ನಂಬು.

ನನ್ನ ಕೆಲಸ ಏನೆಂದು ಹೊರಡುವ ಮೊದಲು ಕೇಳಿದ್ದೆಯಲ್ಲ. ಆ ಕಡೆಯವರು ಡ್ರೋನ್ ಹಾರಿಸುತ್ತಾರೆ. ಅದರ ಕಣ್ಣಲ್ಲಿ ನೋಡುತ್ತ, ದೂರದಲ್ಲಿ ಕೂತು ನಡೆಸುತ್ತಾರೆ. ನಡೆಸುವವನ ಕೈಗೂ ಡ್ರೋನಿಗೂ ನಡುವೆ ಗಾಳಿಯಲ್ಲಿ ಒಂದು ಸಂಬಂಧ ಇರುತ್ತದೆ. ಡ್ರೋನಿನ ಸದ್ದು ಕೇಳಿದ ಕೂಡಲೇ ನಾನು ನಮ್ಮ ಪೆಟ್ಟಿಗೆ ಚಾಲೂ ಮಾಡುತ್ತೇನೆ. ಪೆಟ್ಟಿಗೆ ಅದೇ ತರಂಗದಲ್ಲಿ ಗದ್ದಲ ಎಬ್ಬಿಸುತ್ತದೆ, ಅವನಿಗೆ ಚಿತ್ರ ಕಾಣುವುದಿಲ್ಲ, ಡ್ರೋನಿಗೆ ಅಪ್ಪಣೆ ಕೇಳುವುದಿಲ್ಲ, ಎಲ್ಲೋ ಹೋಗಿ ಬೀಳುತ್ತದೆ. ಕಂದಕದ ಹುಡುಗರು ನನ್ನನ್ನು ಕಂಡರೆ ಚಾಕೊಲೇಟು ಕೊಡುತ್ತಾರೆ. ನೀನು ಜೀವನವಿಡೀ ಜನರ ಮಾತು ಜೋಡಿಸಿದೆ, ನಾನು ಕತ್ತರಿಸುತ್ತಿದ್ದೇನೆ. ಬೇಜಾರಾಗಬೇಡ.

ಆದರೆ ಪೆಟ್ಟಿಗೆ ಗದ್ದಲ ಮಾಡಿದರೆ ಅದು ಎಲ್ಲಿಂದ ಬಂತೆಂದು ಅವರೂ ಹುಡುಕುತ್ತಾರೆ. ಅದಕ್ಕೇ ಆಂಟೆನಾವನ್ನು ನೂರೈವತ್ತು ಮೀಟರ್ ಆಚೆ ನೆಟ್ಟು ಕೇಬಲ್ ಎಳೆದಿದ್ದೇವೆ. ಶೆಲ್ ಬಿದ್ದರೆ ಅಲ್ಲಿ ಬೀಳಲಿ. ನಾವಿರುವ ಬಂಕರಿನಿಂದ ಮಾತ್ರ ಏನೂ ಹೊರಡಬಾರದು. ಅದಕ್ಕೇ ಫೋನಿನಲ್ಲಿ ಮಾತಾಡುವಂತಿಲ್ಲ. ಎಲ್ಲರ ಫೋನೂ ಹದಿನಾಲ್ಕು ಕಿಲೋಮೀಟರ್ ಹಿಂದಿನ ಹಳ್ಳಿಯಲ್ಲಿ, ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಮಲಗಿವೆ.

ಬಂಕರಿನಲ್ಲಿ ನಾನು ಮತ್ತು ಹೋರ್ದಿ, ಇಬ್ಬರೇ. ಅವರಿಗೆ ಐವತ್ತೊಂದು. ರಿವ್ನೆ ಊರಿನಲ್ಲಿ ಟ್ರಾಲಿಬಸ್ ಓಡಿಸುತ್ತಿದ್ದರಂತೆ. ಇಲ್ಲಿಯೂ ಕೇಬಲ್ ಕಳಚಿದರೆ, ಬಸ್ಸಿನ ಕೊಂಬು ಮೇಲಿನ ಕರೆಂಟ್ ತಂತಿಯಿಂದ ಜಾರಿದಂತೆ, "ಪ್ರಯಾಣಿಕರು ದಯವಿಟ್ಟು ಇಳೀಬೇಡಿ, ಕೊಂಬು ಸಿಕ್ಕಿಸಿ ಬರ್ತೀನಿ" ಎಂದು ಹೇಳಿಯೇ ಹೊರಗೆ ಹೋಗುತ್ತಾರೆ. ಕೆಳಗೆ ಅವರೂ ಒಂದು ಸಾಲು ಬರೆಯುತ್ತಾರಂತೆ.

ಓರಿಸ್ಯಾ

ರಯೀಸಾ ಅಕ್ಕ, ನಿಮ್ಮ ಮಗಳು ಆಲೂಗಡ್ಡೆ ಸುಲಿಯೋದು ನೋಡಿದರೆ ಅರ್ಧ ಆಲೂಗಡ್ಡೆ ಸಿಪ್ಪೆ ಜೊತೆ ಹೋಗತ್ತೆ. ಯಾರು ಕಲಿಸಿದ್ರು? ಬೆಳ್ಳುಳ್ಳಿ ಹಚ್ಚಿದ ಹಂದಿಕೊಬ್ಬಿನ ಸಾಲೊ ಒಂದು ತುಂಡು ಕಳಿಸಿದರೆ ಈ ವಿಷಯ ಇಲ್ಲಿಗೇ ಬಿಡ್ತೀನಿ. ಹೋರ್ದಿ.


ಖೋರೊಲ್
16 ನವೆಂಬರ್

ಓರಿಸ್ಯಾ,

ಸಾಲೊ ಕಳಿಸಿದ್ದೇನೆ, ಎರಡು ಕಿಲೋ. ಬೆಳ್ಳುಳ್ಳಿಯ ಜೊತೆ ಕರಿಮೆಣಸೂ ಹಚ್ಚಿದ್ದೇನೆ. ಆಲೂಗಡ್ಡೆ ಸುಲಿಯುವುದನ್ನು ನಾನು ಕಲಿಸಿಲ್ಲ, ಅದು ನಿಮ್ಮಪ್ಪನ ಕಡೆಯಿಂದ ಬಂದದ್ದು ಎಂದು ಹೋರ್ದಿಗೆ ಹೇಳು. ಸತ್ತವರ ಮೇಲೆ ಹಾಕಿದರೆ ಎದುರು ಹೇಳುವವರು ಯಾರೂ ಇರುವುದಿಲ್ಲ.

ನಿಜ ಹೇಳುತ್ತೇನೆ, ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬೆಳಗಾದರೆ ನಿನ್ನ ಗೊಣಗಾಟ ಕೇಳುತ್ತಾನೆ, ನಿನ್ನ ಕೆಮ್ಮು ಕೇಳುತ್ತಾನೆ. ನನಗೆ ಎರಡು ಹಾಳೆ.

ನಿಮ್ಮ ನಿಯಮ ನನಗೆ ಅರ್ಥವಾಯಿತು. ನಮ್ಮ ಎಕ್ಸ್‌ಚೇಂಜಿನ ಬೋರ್ಡಿನಲ್ಲೂ ಹಾಗೆಯೇ ಇತ್ತು. ಪ್ಲಗ್ ಸಿಕ್ಕಿಸಿದರೆ ಮಾತು ಹೋಗುತ್ತದೆ, ಯಾರು ಬೇಕಾದರೂ ಕದ್ದು ಕೇಳಬಹುದು. ಕಿತ್ತರೆ ಲೈನ್ ಸತ್ತಂತೆ, ದೇವರೂ ಕೇಳಲಾರ. ಹೆಂಗಸರು ಗಂಟೆಗಟ್ಟಲೆ ಮಾತಾಡಿ ಸಿಕ್ಕಿಬೀಳುತ್ತಾರೆಂದು ತಾನೇ ಫೋನು ಕಸಿದುಕೊಂಡಿರುವುದು? ನಾನಾದರೆ ನಲವತ್ತು ಸೆಕೆಂಡಿನಲ್ಲಿ ಮಾತು ಮುಗಿಸಿಬಿಡುವೆ. ನಮ್ಮ ಸೂಪರ್‌ವೈಸರ್ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು.

ಶಾಲೆಯ ಹಾಲಿನಲ್ಲಿ ನಿಮ್ಮ ಕಂದಕಗಳನ್ನು ಮರೆಮಾಡಲು ಹೊದಿಸುವ ಬಲೆ ಹೆಣೆಯಲು ದಿನವೂ ಹೋಗುತ್ತೇನೆ. ಎಲೆಬಣ್ಣ ಮುಗಿದು ಈಗ ಹಿಮದ ಬಣ್ಣ ಶುರುವಾಗಿದೆ. ಊರಿನ ಬಿಳಿ ದುಪ್ಪಟಿಯೆಲ್ಲ ಖಾಲಿ.

ಕಾಯುತ್ತಿರುವ ಅಮ್ಮ


ಅಲ್ಲೇ
30 ನವೆಂಬರ್

ಅಮ್ಮ,

ಸಾಲೊ ಬಂತು. ಹೋರ್ದಿ ಅದನ್ನು ದಿನಕ್ಕೆ ಇಷ್ಟೇ ಎಂದು ಗುರುತು ಮಾಡಿಟ್ಟಿದ್ದಾರೆ. ಗುರುತು ದಿನಾ ಜರುಗುತ್ತದೆ, ಇಲಿಗಳ ಮೇಲೆ ಹಾಕುತ್ತಾರೆ.

ಕೆಲಸ ಕಷ್ಟವಾಗಿದೆ. ಅವರು ತರಂಗ ಬದಲಾಯಿಸಿದರೆ ನಾವೂ ಬದಲಾಯಿಸಬೇಕು, ನಾವು ಬದಲಾಯಿಸುವಷ್ಟರಲ್ಲಿ ಮತ್ತೆ ಅವರು. ನನ್ನ ಪೆಟ್ಟಿಗೆಗೆ ನಮ್ಮವರು ಅವರು ಎಂಬ ಭೇದವೂ ಇಲ್ಲ, ನಮ್ಮ ಡ್ರೋನನ್ನೂ ಕೆಡವುತ್ತದೆ. ಮುಂದಿನ ಕಂದಕದವರಿಗೆ ನೀರು ಹೋಗುವುದು ಡ್ರೋನಿನಲ್ಲೇ. ಅದು ಹೊರಡುವಾಗ ನಾನು ಹತ್ತು ನಿಮಿಷ ಎಲ್ಲ ನಿಲ್ಲಿಸಬೇಕು. ಆ ಹತ್ತು ನಿಮಿಷ ಗಾಳಿ ಖಾಲಿ ಇರುತ್ತದೆ. ಕೈಗೆ ಕೆಲಸವಿಲ್ಲ. ನಿನ್ನ ನೆನಪು ಬರುವುದು ಆಗಲೇ. ಅಡುಗೆಮನೆಯಿಂದ ನೀನು ನನ್ನ ಹೆಸರನ್ನು ಎಳೆದು ಕೂಗುವ ರೀತಿ ನೆನಪಿಸಿಕೊಳ್ಳಲು ನೋಡುತ್ತೇನೆ. ಮೊನ್ನೆ ಸರಿಯಾಗಿ ಬರಲೇ ಇಲ್ಲ. ಬೇರೆ ಯಾರದೋ ದನಿ ಬಂತು. ತುಂಬ ಹೆದರಿದೆ ಅಮ್ಮ.

ಒಂದೇ ಒಂದು ನಿಮಿಷ ನಿನ್ನ ದನಿ ಕೇಳಿದರೆ ಇನ್ನೆರಡು ತಿಂಗಳು ತಡೆದುಕೊಳ್ಳುತ್ತೇನೆ.

ಓರಿಸ್ಯಾ


ಖೋರೊಲ್
13 ಡಿಸೆಂಬರ್

ನನ್ನ ಕೂಸೇ,

ನಿನ್ನ ಕಾಗದ ಓದಿ ಎರಡು ದಿನ ಬಲೆ ಹೆಣೆಯಲು ಹೋಗಲಿಲ್ಲ.

ಇದರ ಜೊತೆ ಒಂದು ಚೀಲ ಕಳಿಸಿದ್ದೇನೆ. ಮೇಲಿರುವ ಒಣಸೇಬು, ಪೊಟ್ಟಣದ ಬಿಸ್ಕತ್ತು, ಹೋರ್ದಿಯ ಸಾಲೊ, ಇವನ್ನೆಲ್ಲ ಬಂದ ದಿನವೇ ತಿನ್ನಿ. ತಳದಲ್ಲಿ ಕೆಂಪು ದಾರ ಕಟ್ಟಿದ ಗಂಟು ಒಂದಿದೆ, ಉಣ್ಣೆಯ ಕಾಲುಚೀಲ. ಅದನ್ನು ಮಿಕೊಲಾಯ್ ಹಬ್ಬದ ಬೆಳಿಗ್ಗೆಯೇ ಬಿಚ್ಚಬೇಕು. ಪಾದ್ರಿಗಳು ಈ ವರ್ಷದಿಂದ ಹಬ್ಬವನ್ನು ಆರನೇ ತಾರೀಕಿಗೆ ಹಾಕಿದ್ದಾರಂತೆ, ಹಾಕಿಕೊಳ್ಳಲಿ. ನಮ್ಮ ಮನೆಯಲ್ಲಿ ಸಂತ ಮಿಕೊಲಾಯ್ ಮಕ್ಕಳ ತಲೆದಿಂಬಿನ ಕೆಳಗೆ ಉಡುಗೊರೆ ಇಡುವುದು ಹತ್ತೊಂಬತ್ತನೇ ತಾರೀಕಿಗೇ. ನೀನು ಆರು ವರ್ಷದವಳಿದ್ದಾಗ ಹಿಂದಿನ ದಿನವೇ ಬಿಚ್ಚಿ ಅತ್ತಿದ್ದೆ, ಬೆಳಿಗ್ಗೆಗೆ ಏನೂ ಉಳಿಯಲಿಲ್ಲವೆಂದು. ಈಗ ಮೂವತ್ತೆರಡು ಆಯಿತು, ತಡೆದುಕೋ.

ಎಡಗಾಲಿನದನ್ನು ಮೊದಲು ಬಿಚ್ಚು. ಅಷ್ಟೇ ಹೇಳುತ್ತೇನೆ.

ಅಮ್ಮ


ಅಲ್ಲೇ
27 ಡಿಸೆಂಬರ್

ಅಮ್ಮ,

ಹೋರ್ದಿ ಇನ್ನಿಲ್ಲ. ಹದಿನೆಂಟನೇ ತಾರೀಕು ಬಂಕರಿಗೆ ಶೆಲ್ ಬಿತ್ತು. ನಾನು ಹೊರಗಿದ್ದೆ. ನನಗೆ ಏನೂ ಆಗಿಲ್ಲ.

ಗಂಟು ಸುಟ್ಟುಹೋಯಿತು. ಅದರಲ್ಲಿ ಏನಿತ್ತೆಂದು ನೋಡಲು ಆಗಲಿಲ್ಲ. ಸೇಬು ತಿಂದಿದ್ದೆವು, ಚೆನ್ನಾಗಿತ್ತು.

ಸ್ವಲ್ಪ ದಿನ ಬರೆಯಲಾಗುವುದಿಲ್ಲ.

ಓ.


ಖೋರೊಲ್
9 ಜನವರಿ 2024

ನನ್ನ ಓರಿಸ್ಯಾ,

ನೋಡದ ಮನುಷ್ಯನಿಗಾಗಿ ಇಷ್ಟು ಅಳುತ್ತೇನೆಂದು ಗೊತ್ತಿರಲಿಲ್ಲ. ನಮ್ಮ ಹಳೇ ಲೆಕ್ಕದ ಕ್ರಿಸ್ಮಸ್ ಹಿಂದಿನ ಸಂಜೆ, ಜನವರಿ ಆರಕ್ಕೆ, ಕುತ್ಯಾ ಮಾಡಿ, ಗೋಧಿಗೆ ಜೇನೂ ಗಸಗಸೆಯೂ ಹಾಕಿ, ಸತ್ತವರಿಗೆಂದು ಇಡುವ ಬಟ್ಟಲುಗಳಲ್ಲಿ ಅಪ್ಪನ ಪಕ್ಕ ಅವನಿಗೂ ಒಂದು ಇಟ್ಟೆ. ಸಾಲೊವನ್ನೂ ಇಡೋಣವೆನಿಸಿತು. ಉಪವಾಸದ ಊಟದಲ್ಲಿ ಮಾಂಸ ಇಡಬಾರದು. ಆದರೂ ಒಂದು ಚೂರು ಇಟ್ಟೆ.

ಗಂಟು ಸುಟ್ಟಿತೆಂದು ಬರೆದಿದ್ದೆ. ಹೋಗಲಿ ಬಿಡು, ನೀನಿದ್ದೀಯಲ್ಲ. ಈಗ ಹೇಳಿಬಿಡುತ್ತೇನೆ, ಅದರಲ್ಲಿದ್ದದ್ದು ಒಂದು ಫೋನು. ನಿನ್ನ ಅಂಗಡಿಯ ಡ್ರಾಯರಿನಲ್ಲಿದ್ದ ಹಳೇ ಬಟನ್ ಫೋನು. ಒಂದರ ಗುಂಡಿ ಒತ್ತಿ ಹಿಡಿದರೆ ನೇರ ನನಗೆ ಬರುವ ಹಾಗೆ ಮಾಡಿಸಿದ್ದೆ. ಆಫ್ ಮಾಡಿ ಮತ್ತೆ ಹಚ್ಚಿದರೆ ಅದು ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಕೇಳುತ್ತದೆ, ಅದು ನನಗೂ ನೆನಪಿರಲಿಲ್ಲ. ಅದಕ್ಕೇ ಚಾಲೂ ಇಟ್ಟು ಕಟ್ಟಿದ್ದೆ, ಬ್ಯಾಟರಿ ಮೂರು ವಾರ ಬರುತ್ತದೆ. ಆ ಹತ್ತು ನಿಮಿಷ ಗಾಳಿ ಖಾಲಿ ಇರುತ್ತದೆಂದು ಬರೆದಿದ್ದೆಯಲ್ಲ, ಆಗ ನಲವತ್ತೇ ಸೆಕೆಂಡು ಮಾತಾಡಿ ಇಡೋಣವೆಂದಿದ್ದೆ. ಹತ್ತೊಂಬತ್ತರಂದು ಬೆಳಿಗ್ಗೆಯಿಂದ ಸಂಜೆವರೆಗೆ ಫೋನಿನ ಪಕ್ಕ ಕೂತಿದ್ದೆ. ಸ್ನಾನಕ್ಕೂ ಹೋಗಲಿಲ್ಲ.

ಹಿಂದಿನ ಹಳ್ಳಿಗೆ ಯಾವಾಗ ಬರುತ್ತೀಯ?

ಅಮ್ಮ


ಹಿಂದಿನ ಹಳ್ಳಿ
2 ಫೆಬ್ರವರಿ

ಅಮ್ಮ,

ವಿಶ್ರಾಂತಿಗೆಂದು ಕಳಿಸಿದ್ದಾರೆ. ಒಲೆ ಇದೆ, ಬಿಸಿನೀರಿದೆ. ನನ್ನ ಫೋನಿದ್ದ ಪೆಟ್ಟಿಗೆ ಎಲ್ಲೋ ಕಳೆದಿದೆಯಂತೆ. ಇಲ್ಲಿ ಟವರೂ ಸರಿಯಿಲ್ಲ, ಸಿಗ್ನಲ್ ಬರುವುದಿಲ್ಲ. ಸದ್ಯಕ್ಕೆ ಕಾಗದವೇ ಬರೆಯೋಣ.

ಚೆನ್ನಾಗಿ ಊಟ ಮಾಡುತ್ತಿದ್ದೇನೆ. ನೀನು ಚಳಿಯಲ್ಲಿ ಹೊರಗೆ ಓಡಾಡಬೇಡ.

ಓರಿಸ್ಯಾ


ಖೋರೊಲ್
20 ಫೆಬ್ರವರಿ

ಓರಿಸ್ಯಾ,

ನಿನ್ನ ಅಂಗಡಿಯ ಪಕ್ಕ ಬೀಜ ಮಾರುವ ಜೀನಾ ಬಂದಿದ್ದಳು, ಮುಖ ಅರಳಿಸಿಕೊಂಡು. ಓರಿಸ್ಯಾ ಫೋನ್ ಮಾಡಿದ್ದಳು, ಅಂಗಡಿಯ ಬೀಗದ ವಿಷಯ ಮಾತಾಡಿದಳು, ನಿಮಗೆ ದಿನಾ ಮಾಡುತ್ತಿರಬೇಕಲ್ಲ ಎಂದಳು. ಹೌದು, ದಿನಾ ಎಂದೆ. ಅವಳ ಮುಂದೆ ಇನ್ನೇನು ಹೇಳಲಿ?

ನನಗೆ ಮೊದಲು ಕೋಪ ಬಂತು. ಬೀಗದ ಬಗ್ಗೆ ಮಾತಾಡಲು ಸಿಗ್ನಲ್ ಇದೆ, ಅಮ್ಮನಿಗಿಲ್ಲ. ಆಮೇಲೆ ನಾಲ್ಕು ದಿನ ಯೋಚಿಸಿದೆ. ನನ್ನ ಮೇಲೆ ನಿನಗೆ ಸಿಟ್ಟಿದ್ದರೆ ಕಾಗದದಲ್ಲೂ ಇರುತ್ತಿತ್ತು, ನೀನು ಸಿಟ್ಟು ಬಚ್ಚಿಡುವವಳಲ್ಲ. ಬದಲಿಗೆ ಚಳಿಯಲ್ಲಿ ಓಡಾಡಬೇಡ ಎಂದಿದ್ದೀಯ. ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀಯ, ಅದು ದನಿಯಲ್ಲಿ ಸಿಕ್ಕಿಬೀಳುತ್ತದೆಂದು ಹೆದರಿದ್ದೀಯ.

ನಿನ್ನೆ ಬಲೆ ಒಯ್ಯಲು ಒಬ್ಬ ಸಿಪಾಯಿ ಬಂದಿದ್ದ, ನಿಮ್ಮ ಥರದ ಕೆಲಸದವನೇ. ಹಲ್ಲುಕಿರಿದು ನಿಂತು ಸುಮ್ಮನೆ ಕೇಳುವವಳಂತೆ ಕೇಳಿದೆ, ಫೋನು ಚಾಲೂ ಇಟ್ಟುಕೊಂಡು ಮಾತಾಡದಿದ್ದರೆ ಅದು ಯಾರಿಗಾದರೂ ಗೊತ್ತಾಗುತ್ತದೆಯೇ ಎಂದು. ಅವನು ನಕ್ಕ.

"ಅಜ್ಜಿ, ಫೋನು ಸುಮ್ಮನಿರೋದೇ ಇಲ್ಲ. ಜೇಬಲ್ಲಿದ್ರೂ ಟವರ್ ಹುಡುಕ್ತಾ, ನಾನಿಲ್ಲಿದೀನಿ, ನಾನಿಲ್ಲಿದೀನಿ ಅಂತ ಕೂಗ್ತಾನೇ ಇರತ್ತೆ. ಟವರ್ ಸಿಗದಿದ್ರೆ ಇನ್ನೂ ಜೋರಾಗಿ."

ಹೋರ್ದಿ ಸತ್ತದ್ದು ಹದಿನೆಂಟಕ್ಕೆ. ಗಂಟು ಬಿಚ್ಚಬೇಕಾಗಿದ್ದದ್ದು ಹತ್ತೊಂಬತ್ತಕ್ಕೆ.

ದೆಮ್ಯಾನ್ ಚೀಲ ತೆಗೆದುಕೊಳ್ಳುವಾಗ ಕೇಳಿದ್ದ, ಫೋನು ಗೀನು ಏನೂ ಇಲ್ಲ ತಾನೇ ಎಂದು. ಬರೀ ಕಾಲುಚೀಲ ಎಂದಿದ್ದೆ. ಅವನ ಕಣ್ಣು ನೋಡಿಯೇ ಹೇಳಿದ್ದೆ.

ಗಂಟು ನಿಜವಾಗಿಯೂ ಸುಟ್ಟಿತೇ? ನಾನು ಅವನನ್ನು ಕೊಂದೆನೇ? ಚೆನ್ನಾಗಿದ್ದೇನೆ ಎಂದು ಮಾತ್ರ ಬರೆಯಬೇಡ.

ಅಮ್ಮ


ಹಿಂದಿನ ಹಳ್ಳಿ
5 ಮಾರ್ಚ್

ಅಮ್ಮ,

ಗಂಟು ಸುಡಲಿಲ್ಲ.

ಹದಿನೆಂಟರ ಮಧ್ಯಾಹ್ನ ಪೆಟ್ಟಿಗೆ ಕೆಲಸ ಮಾಡುತ್ತಿರಲಿಲ್ಲ, ಇಲಿ ಕೇಬಲ್ ಕಡಿದಿತ್ತು. ಸರಿಮಾಡಲು ಹೊರಗೆ ಹೋಗುವುದು ಹೋರ್ದಿಯ ಸರದಿ. ಆದರೆ ಅವರ ಆಲೂಗಡ್ಡೆ ಬಾಣಲೆಯ ಮೇಲಿತ್ತು, ತಾವು ಬಿಟ್ಟುಹೋದರೆ ಸೀದುಹೋಗುತ್ತದೆಂದು ನನ್ನನ್ನು ಕಳಿಸಿದರು. ಹೊರಡುವಾಗ ಏನೋ ಹೇಳಿದರು. ಅದನ್ನು ಯಾರಿಗೂ ಹೇಳಿಲ್ಲ, ಬರೆಯಲೂ ಆಗುತ್ತಿಲ್ಲ.

ಮೂರು ಶೆಲ್ ಬಿದ್ದವು. ಎರಡು ಹತ್ತಿರ, ಮೂರನೆಯದು ಬಂಕರಿನ ಮೇಲೆ. ಆಂಟೆನಾದ ಕಡೆಗೆ ಒಂದೂ ಬರಲಿಲ್ಲ. ನಾನು ಆಂಟೆನಾದ ಬುಡದಲ್ಲೇ ಮಲಗಿದ್ದೆ, ಅದಕ್ಕೇ ಬದುಕಿದೆ. ಎಲ್ಲ ತಿಳಿದದ್ದು ಆಮೇಲೆ, ಮಣ್ಣು ತೆಗೆದಾಗ. ಗೋಡೆಯ ಗೂಡಿನಲ್ಲಿ ನಿನ್ನ ಗಂಟು ಇಟ್ಟಲ್ಲೇ ಇತ್ತು, ಕೆಂಪು ದಾರ ಕೂಡ ಸಡಿಲವಾಗಿರಲಿಲ್ಲ. ಬಿಚ್ಚಿದೆ. ಎಡಗಾಲಿನದರಲ್ಲಿ ಫೋನಿನ ದೀಪ ಉರಿಯುತ್ತಿತ್ತು.

ಕ್ಯಾಪ್ಟನ್‌ಗೆ ತಂದು ಕೊಟ್ಟೆ. ಅವರು ಮೊದಲು ಬ್ಯಾಟರಿ ಕಿತ್ತರು. ಅದರಿಂದಲೇ ಆಯಿತೆಂದು ಯಾರೂ ಹೇಳಲಾರರು, ಮೇಲಿಂದ ಡ್ರೋನ್ ನಮ್ಮ ಒಲೆಯ ಹೊಗೆ ನೋಡಿರಬಹುದು, ನಮ್ಮಂಥವರನ್ನು ಅವರು ಹುಡುಕುತ್ತಲೇ ಇರುತ್ತಾರೆ ಎಂದರು. ಆಮೇಲೆ, "ನಿಮ್ಮಮ್ಮಂಗೆ ಹೇಳ್ಬೇಡ. ಹೇಳಿದ್ರೆ ಒಂದೇ ಶೆಲ್ಲಿಗೆ ಇಬ್ಬರು ಹೋದಂಗೆ" ಎಂದರು.

ನಿನ್ನದೊಬ್ಬಳದೇ ತಪ್ಪಲ್ಲ ಅಮ್ಮ. ಮಾತಾಡದ ಫೋನೂ ಕೂಗುತ್ತದೆಂದು ನಾನು ಬರೆಯಲಿಲ್ಲ. ನೀನು ಹೆದರಬಾರದೆಂದು ಅರ್ಧ ಹೇಳಿ ಅರ್ಧ ನುಂಗಿದ್ದೆ. ಒಂದು ನಿಮಿಷ ನಿನ್ನ ದನಿ ಬೇಕೆಂದು ಬರೆದವಳೂ ನಾನೇ. ಇನ್ನೊಂದು ಹೇಳಬೇಕು. ಗಂಟು ಕೈಗೆ ಭಾರವೆನಿಸಿತ್ತು. ಕಾಲುಚೀಲ ಅಷ್ಟು ಭಾರ ಇರುವುದಿಲ್ಲ, ಫೋನು ರಿಪೇರಿ ಮಾಡುವವಳಿಗೆ ಹೊಳೆಯಬೇಕಿತ್ತು. ಹೋರ್ದಿ ಹಿಸುಕಿ ನೋಡಲು ಹೋದರು. ನಾನು ಕಿತ್ತುಕೊಂಡೆ, ಹಬ್ಬದವರೆಗೆ ಯಾರೂ ಮುಟ್ಟುವಂತಿಲ್ಲ ಎಂದೆ. ಮೂರು ದಿನ ಮತ್ತೆ ಮಗುವಾಗಿರಬೇಕೆನಿಸಿತ್ತು.

ಪೆಟ್ಟಿಗೆ ಕಳೆದಿಲ್ಲ, ನನ್ನ ಫೋನು ನನ್ನ ಹತ್ತಿರವೇ ಇದೆ. ಇಲ್ಲಿಂದ ಮಾತಾಡಬಹುದು, ಎಲ್ಲರೂ ಮಾತಾಡುತ್ತಾರೆ. ದಿನಾ ನಿನ್ನ ನಂಬರು ತೆಗೆದು ಕೂರುತ್ತೇನೆ. ಕಾಗದದಲ್ಲಿ ಸುಳ್ಳು ಹೇಳಬಲ್ಲೆ. ನೀನು "ಓರಿಸ್ಯಾ" ಎಂದು ಎಳೆದು ಕರೆದರೆ ನನ್ನಿಂದ ಆಗುತ್ತಿರಲಿಲ್ಲ.

ಈಗ ಎಲ್ಲ ಹೇಳಿದ್ದೇನೆ. ಈಗಲೂ ಗುಂಡಿ ಒತ್ತಲು ಧೈರ್ಯವಿಲ್ಲ. ನೀನು ಮಾಡು ಎಂದರೆ ಮಾಡುತ್ತೇನೆ.

ಓರಿಸ್ಯಾ


ಖೋರೊಲ್
17 ಮಾರ್ಚ್

ಓರಿಸ್ಯಾ,

ನಿನ್ನ ಕಾಗದ ಬಂದ ಮಾರನೆಯ ದಿನ ರೈಲು ಹತ್ತಿ ರಿವ್ನೆಗೆ ಹೋದೆ. ಹೋರ್ದಿಯ ಹೆಂಡತಿಯ ವಿಳಾಸ ದೆಮ್ಯಾನ್ ಹುಡುಕಿಕೊಟ್ಟ. ಯಾಕೆ ಬೇಕೆಂದು ಅವನಿಗೂ ಹೇಳಿದೆ. ಅವನು ತಲೆ ತಗ್ಗಿಸಿ ವ್ಯಾನಿನ ಬಾಗಿಲು ತೆಗೆದು ಸ್ಟೇಷನ್ನಿಗೆ ಬಿಟ್ಟ.

ಅವಳ ಹೆಸರು ತೈಸ್ಯಾ. ಟ್ರಾಲಿಬಸ್ಸಿನಲ್ಲಿ ಕಂಡಕ್ಟರ್. ಮನೆಯಲ್ಲಿರಲಿಲ್ಲ, ಪಕ್ಕದವರು ಏಳನೇ ನಂಬರಿನ ಬಸ್ಸಿನಲ್ಲಿ ನೋಡಿ ಎಂದರು. ಹತ್ತಿದೆ. ಟಿಕೆಟ್ ಕೊಡಲು ಬಂದಾಗ ನಾನು ಓರಿಸ್ಯಾಳ ತಾಯಿ ಎಂದೆ. ಅವಳ ಮುಖ ಅರಳಿತು. ಸಾಲೊ ಕಳಿಸುತ್ತಿದ್ದವರು ನೀವೇನಾ ಎಂದಳು. ನನ್ನ ಪಕ್ಕದ ಸೀಟಿನಲ್ಲಿದ್ದವನನ್ನು ಎಬ್ಬಿಸಿ ತಾನೇ ಕೂತಳು. ಅವಳು ನನ್ನ ಕೈ ಹಿಡಿಯುವ ಮೊದಲೇ ಹೇಳಿಬಿಡಬೇಕಿತ್ತು, ಆಗಲಿಲ್ಲ. ಕೈ ಹಿಡಿದ ಮೇಲೆ ಹೇಳಿದೆ.

ಪೂರ್ತಿ ಹೇಳಿದೆ. ಫೋನು, ಗಂಟು, ದೆಮ್ಯಾನನಿಗೆ ಹೇಳಿದ ಸುಳ್ಳು. ಕ್ಯಾಪ್ಟನ್ ಹೇಳಿದ ಹೊಗೆಯ ಮಾತನ್ನು ಮಾತ್ರ ಬಿಟ್ಟೆ. ಅದನ್ನು ನಾನು ಹೇಳಿದರೆ ತಪ್ಪಿಸಿಕೊಂಡಂತೆ ಆಗುತ್ತಿತ್ತು. ಮಧ್ಯೆ ಮಧ್ಯೆ ಜನ ಹತ್ತುತ್ತಿದ್ದರು, ಅವಳು ಎದ್ದು ಹೋಗಿ ಟಿಕೆಟ್ ಕೊಟ್ಟು ಬಂದು ಮತ್ತೆ ಕೂರುತ್ತಿದ್ದಳು. ಬೇರೆ ಸೀಟಿಗೆ ಹೋಗಬಹುದಿತ್ತು. ಪ್ರತಿ ಸಲ ಬಂದು ನನ್ನ ಪಕ್ಕವೇ ಕೂತಳು. ಕೈ ಮಾತ್ರ ಮತ್ತೆ ಹಿಡಿಯಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅವಳು ಕಿಟಕಿಯ ಕಡೆ ನೋಡುತ್ತ ಮಾತಾಡಿದಳು.

"ನಿಮ್ಮನ್ನ ಬಯ್ಯೋಕೆ ನಂಗೆ ಶಕ್ತಿ ಇಲ್ಲ. ಕ್ಷಮಿಸೋಕೂ ಇಲ್ಲ, ಅದನ್ನ ಕೇಳ್ಬೇಡಿ. ಮೂರು ತಿಂಗಳಿಂದ ಒಂದೇ ಯೋಚನೆ, ಅವನು ಕೊನೆಗೆ ಏನು ಮಾತಾಡ್ದ, ಯಾರ ಜೊತೆ ಮಾತಾಡ್ದ ಅಂತ. ಸೈನ್ಯದವರು ಒಂದು ಹಾಳೆ ಕಳಿಸಿದ್ರು, ಅದರಲ್ಲಿ ತಾರೀಕು ಬಿಟ್ರೆ ಏನೂ ಇಲ್ಲ. ಕೇಳಿಸ್ಕೊಂಡಿರೋಳು ನಿಮ್ಮ ಮಗಳೊಬ್ಬಳೇ. ಅವಳು ನಂಗೆ ಫೋನ್ ಮಾಡ್ಲಿ. ಕಾಗದ ಬೇಡ. ಅವನು ಏನಂದ, ಹೆಂಗಂದ, ನಗ್ತಾ ಅಂದನಾ, ಎಲ್ಲ ಬಾಯಲ್ಲಿ ಹೇಳ್ಲಿ. ನಿಮಗೆ ಮಾಡೋಕೆ ಮುಂಚೆ ನಂಗೆ."

ಸರಿ ಎಂದೆ. ಅವಳು ಎದ್ದು ಹೋಗಿ ಬಸ್ಸಿನ ಕೊಂಬನ್ನು ತಿರುಗಿಸಲು ಡ್ರೈವರಿಗೆ ಸಹಾಯ ಮಾಡಿದಳು. ನಾನು ಇಳಿದು ಸ್ಟೇಷನ್ನಿನವರೆಗೆ ನಡೆದೆ.

ನಿನ್ನ ಕಾಗದ ಓದಿದ ದಿನ, ಈಗಲೇ ಮಾಡು ಎಂದು ಬರೆಯಲು ಪೆನ್ನು ತೆಗೆದಿದ್ದೆ. ಆರು ತಿಂಗಳಾಯಿತು ಓರಿಸ್ಯಾ. ಸಂಪರ್ಕಕ್ಕೆ ಸಿಗುತ್ತಿಲ್ಲ ಎನ್ನುವ ಆ ಹೆಂಗಸು ಈಗಿಲ್ಲ, ನಿನ್ನ ನಂಬರಿಗೆ ಮಾಡಿದರೆ ರಿಂಗ್ ಆಗುತ್ತದೆ. ಗೊತ್ತು, ಮೊನ್ನೆ ಒಂದು ಸಲ ಮಾಡಿ ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ಮಾತು ಕೊಟ್ಟು ಬಂದಿದ್ದೇನಲ್ಲ.

ಅವಳ ನಂಬರು ಈ ಹಾಳೆಯ ಹಿಂದೆ ಇದೆ. ಭಾನುವಾರ ಅವಳಿಗೆ ರಜೆ. ಅವಳು ಅತ್ತರೆ ಫೋನಿಡಬೇಡ. ಬೈದರೂ ಇಡಬೇಡ. ಅವಳು ಸಾಕು ಎನ್ನುವವರೆಗೆ ಮಾತಾಡು, ಒಂದು ದಿನದಲ್ಲಿ ಮುಗಿಯದಿದ್ದರೆ ಮಾರನೆಯ ದಿನವೂ ಮಾಡು. ಅವಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ.

ನನಗೆ ಆಮೇಲೆ ಮಾಡು.

ಅಮ್ಮ